ಖಾಲಿ ಕೂರಿಸಿದ ಕುರ್ಚಿಗಳು

ಆ ಬೀದಿಯಲ್ಲಿ ಬೆಳಗಾದರೆ ಕುರ್ಚಿಗಳು ಮೇಯಲು ಹೊರಡುತ್ತಿದ್ದವು. ಹಾಗಂತ ಹೇಳುತ್ತಿದ್ದವಳು ಅವುಗಳನ್ನು ಬಾಡಿಗೆಗೆ ಕೊಡುವ ಕುರ್ಚಿಯಕ್ಕ. ಮದುವೆಯ ಮನೆಗೊಂದು ಹಿಂಡು, ಶಾಲೆಯ ಸಮಾರಂಭಕ್ಕೊಂದು ಹಿಂಡು, ಸಾವಿನ ಮನೆಯ ಅಂಗಳಕ್ಕೆ ತಲೆ ತಗ್ಗಿಸಿಕೊಂಡು ಹೋಗುವ ಇನ್ನೊಂದು ಪುಟ್ಟ ಹಿಂಡು. ಸಂಜೆಗೆ ಎಲ್ಲವೂ ಮೈತುಂಬ ಧೂಳು ಮೆತ್ತಿಕೊಂಡು ಮನೆಗೆ ವಾಪಸು. ಗಾಡಿಯಿಂದ ಇಳಿಸುವಾಗ ಅಕ್ಕ ಒಂದೊಂದರ ಬೆನ್ನು ಸವರಿ, ಇದು ಎಲ್ಲಿಗೆ ಹೋಗಿತ್ತೆಂದು ಹೇಳಿಬಿಡುತ್ತಿದ್ದಳು. ಮದುವೆಗೆ ಹೋದದ್ದರ ಕಾಲಸಂದಿಯಲ್ಲಿ ಹೂವಿನ ಎಸಳು ಸಿಕ್ಕಿಕೊಂಡಿರುತ್ತದೆ. ಸಾವಿನ ಮನೆಗೆ ಹೋದದ್ದನ್ನು ಯಾರೋ ಒರೆಸಿ, ನೀಟಾಗಿ ಪೇರಿಸಿ ಕಳಿಸಿರುತ್ತಾರೆ. ಚುನಾವಣೆಯ ಸಭೆಗೆ ಹೋದದ್ದು ಮಾತ್ರ ಬೆನ್ನು ಮುರಿದುಕೊಂಡೇ ಬರುತ್ತದೆ. ಅಲ್ಲಿ ಜನ ಕುರ್ಚಿಯಲ್ಲಿ ಕೂರುವುದಿಲ್ಲ, ಹತ್ತಿ ನಿಲ್ಲುತ್ತಾರೆ.

"ಕುರ್ಚೀನೂ ಬಾಡಿಗೆ, ಕೂರೋರೂ ಬಾಡಿಗೆ. ಯಾರಿಗೆ ಯಾರ ಮೇಲೆ ಕನಿಕರ ಇರುತ್ತೆ ಹೇಳು ಅತ್ತಿಗೆ?" ಎಂದು ಮೈದುನ ಗೊಣಗುತ್ತಿದ್ದ. ಗೂಡ್ಸ್ ಗಾಡಿ ಓಡಿಸುವುದು, ಹೊರುವುದು, ಗೊಣಗುವುದು ಮೂರೂ ಅವನ ಪಾಲಿನ ಕೆಲಸ. ಮುರಿದದ್ದನ್ನು ಹೊಲಿಯುವುದು ಅಕ್ಕನ ಪಾಲಿಗೆ. ದಬ್ಬಳವನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ಕಿನ ಬಿರುಕಿನ ಎರಡೂ ದಡದಲ್ಲಿ ತೂತು ಮಾಡಬೇಕು, ತೆಳು ತಂತಿ ತೂರಿಸಿ ಬಿಗಿಯಬೇಕು. ಅವಳು ಹೊಲಿದ ಕುರ್ಚಿಯಲ್ಲಿ ಎಂಥ ಬೀಗರು ಕೂತರೂ ಬಟ್ಟೆಯ ಒಂದು ಎಳೆಯೂ ಸಿಕ್ಕಿಕೊಳ್ಳುತ್ತಿರಲಿಲ್ಲ.

ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಇದ್ದದ್ದು ಮಡಿಸುವ ಕಬ್ಬಿಣದ ಕುರ್ಚಿಗಳು ಒಂದಷ್ಟು, ಮಾತು ಕಮ್ಮಿಯ ಗಂಡ ಒಬ್ಬ. ಗಂಡ ನಡುವಯಸ್ಸಿನಲ್ಲೇ ಕಣ್ಣು ಮುಚ್ಚಿದ. ಕುರ್ಚಿಗಳು ಮರಿ ಹಾಕಿದಂತೆ ಹೆಚ್ಚಿದವು. ಅವನು ಬಿಟ್ಟುಹೋದ ಒಂದೇ ಒಂದು ಪಾಠವನ್ನು ಅಕ್ಕ ಸೆರಗಿಗೆ ಗಂಟು ಹಾಕಿಕೊಂಡಿದ್ದಳು: ಮುಂಗಡ ಕೈಗೆ ಬಿದ್ದ ಮೇಲೆ ಕುರ್ಚಿ ನಮ್ಮದಲ್ಲ, ಕೊಟ್ಟವರದು. ಒಮ್ಮೆ ಬಡ ಗಾರೆಯವನೊಬ್ಬ ಮಗಳ ಮದುವೆಗೆ ಮುಂಗಡ ಕೊಟ್ಟು ಕುರ್ಚಿ ಹೇಳಿ ಹೋಗಿದ್ದ. ಅದೇ ದಿನಕ್ಕೆ ಬಟ್ಟೆ ಅಂಗಡಿಯ ಯಜಮಾನ ಬಂದು ದುಪ್ಪಟ್ಟು ಕೊಡುತ್ತೇನೆಂದ. ಅಕ್ಕ ಎದ್ದು ನಿಂತು ಮರ್ಯಾದೆ ಮಾಡಿದಳೇ ಹೊರತು ಕುರ್ಚಿ ಕೊಡಲಿಲ್ಲ. ಆ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಅವಳ ವ್ಯಾಪಾರ ನಿಂತದ್ದೇ ಆ ಮಾತಿನ ಮೇಲೆ.

ಗೋಡೌನು ಹಿಂದೊಮ್ಮೆ ಸೋಪಿನ ಕಾರ್ಖಾನೆಯ ಉಗ್ರಾಣವಾಗಿತ್ತು. ಗೋಡೆಗಳು ಇನ್ನೂ ಸಣ್ಣಗೆ ಸೋಪಿನ ವಾಸನೆ ಬಿಡುತ್ತಿದ್ದವು. ತುಕ್ಕು ಹಿಡಿದ ತಗಡಿನ ಮಾಡಿನ ತೂತುಗಳಿಂದ ಬಿಸಿಲು ಬೊಟ್ಟುಬೊಟ್ಟಾಗಿ ಇಳಿದು, ಪೇರಿಸಿದ ಕುರ್ಚಿಗಳ ಮೇಲೆ ಮೆಲ್ಲಗೆ ತೆವಳುತ್ತಿತ್ತು. ಮಧ್ಯಾಹ್ನ ಅಕ್ಕ ಅಲ್ಲೇ ಚಾಪೆ ಹಾಸಿ ಅಡ್ಡಾಗುತ್ತಿದ್ದಳು. ಕಣ್ಣು ಮುಚ್ಚಿದರೆ ಕುರ್ಚಿಗಳು ಪಿಸುಮಾತು ಶುರುಮಾಡುತ್ತವಂತೆ. ಯಾವ ಮದುವೆಯಲ್ಲಿ ಯಾವ ಮಾವ ಮುನಿಸಿಕೊಂಡ, ಯಾವ ಸಮಾರಂಭದಲ್ಲಿ ಅತಿಥಿ ನಿದ್ದೆ ಹೋದ, ಎಲ್ಲ ಅವುಗಳ ಬಾಯಲ್ಲೇ ಅವಳಿಗೆ ತಿಳಿಯುತ್ತಿತ್ತು. ಮೈದುನ ನಂಬುತ್ತಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ಅವನು ಹೆಜ್ಜೆಸದ್ದು ಮಾಡದೆ ಓಡಾಡುತ್ತಿದ್ದ.

ಹೀಗಿರುವಾಗ ವಾರ್ಡಿನ ಚುನಾವಣೆ ಬಂತು. ಟ್ಯಾಂಕರ್ ಧಣಿ ಬಿಳಿ ಅಂಗಿ ತೊಟ್ಟು ಗೋಡೌನಿನ ಬಾಗಿಲಲ್ಲಿ ನಿಂತ.

ಊರಿಗೆಲ್ಲ ನೀರಿನ ಟ್ಯಾಂಕರ್ ಓಡಿಸುವವನು ಅವನೇ. ದಿಣ್ಣೆಯ ಮೇಲಿನ ಈ ಬೀದಿಗಳಿಗೆ ಕೊಳಾಯಿ ಬರುತ್ತದೆ, ಬರುತ್ತದೆ ಎಂದು ವರ್ಷಗಳಿಂದ ಹೇಳುತ್ತಲೇ ಇದ್ದರು. ಬಂದದ್ದು ಮಾತ್ರ ಅವನ ಟ್ಯಾಂಕರು. ಈಗ ಅವನೇ ವಾರ್ಡಿಗೆ ನಿಂತಿದ್ದ. ನೀರನ್ನು ಬಿಟ್ಟಿಯಾಗಿ ಹಂಚುತ್ತಿದ್ದ, ಸಂಜೆ ಹೊತ್ತು ಅವನ ಕಡೆಯವರು ಮನೆಮನೆಗೆ ಬಂದು ದುಡ್ಡಿನ ಕವರು ಕೊಟ್ಟು ಕೈಮುಗಿದು ಹೋಗುತ್ತಿದ್ದರು.

"ಅಕ್ಕಾ, ಎಷ್ಟು ಕುರ್ಚಿ ಇದೆ ನಿನ್ನ ಹತ್ರ?"

"ಬೇಕಾದಷ್ಟಿದೆ ಧಣಿ. ನಿಮಗೆಷ್ಟು ಬೇಕು?"

"ಎಲ್ಲಾ."

"ಎಲ್ಲಾ ಅಂದ್ರೆ, ಕಾಲು ಮುರಿದದ್ದೂನಾ?"

"ಅದೂ ಸೇರಿ. ಓಟು ಮುಗಿಯೋವರೆಗೆ. ನಾನು ಹೇಳಿ ಕಳಿಸೋ ತನಕ ಒಂದೇ ಒಂದು ಕುರ್ಚಿ ಈ ಬಾಗಿಲು ದಾಟಬಾರದು. ಇಷ್ಟೇ ಮಾತು." ಹೇಳಿ ಅವನು ಮುಂಗಡವೆಂದು ಕೊಟ್ಟದ್ದು ಮುಂಗಡದಂತಿರಲಿಲ್ಲ, ಪೂರ್ತಿ ಬಾಡಿಗೆಯಂತಿತ್ತು.

ಅಕ್ಕನ ಮುಖ ಅರಳಿತು. ಯಾವುದೋ ಭಾರೀ ಸಭೆಯೇ ಇರಬೇಕೆಂದುಕೊಂಡಳು. ಬಂದ ದುಡ್ಡಿನಲ್ಲಿ ಮಾಡಿಗೆ ಹೊಸ ತಗಡು ಹೊದಿಸಿದಳು. ಬಿಸಿಲಿನ ಬೊಟ್ಟುಗಳು ಮಾಯವಾದವು, ಅದಕ್ಕೊಂದು ಸಣ್ಣ ಬೇಸರವನ್ನೂ ಪಟ್ಟಳು. ಮುರಿದದ್ದನ್ನೆಲ್ಲ ಹೊಲಿದಳು. ಮೈದುನನೂ ಅವಳೂ ಸೇರಿ ಕುರ್ಚಿಗಳನ್ನು ತೊಳೆದು ಬಾಗಿಲ ಒಳಗಡೆಯೇ ಗಾಳಿಗೆ ಒಣಗಿಸಿದರು. ಧಣಿಯ ಲಾರಿ ಬರುತ್ತದೆಂದು ಕಾದರು. ಒಂದು ನಿಶ್ಚಿತಾರ್ಥದವರು ಬಂದು ಬರಿಗೈಯಲ್ಲಿ ಹೋದರು. ಲೆಕ್ಕದ ಮೇಷ್ಟ್ರ ಬೀಳ್ಕೊಡುಗೆಯವರು ಬಂದರು, ಅವರೂ ಹೋದರು. ಲಾರಿ ಮಾತ್ರ ಬರಲಿಲ್ಲ.

ಬಂದವಳು ಚುಚ್ಚಮ್ಮ.

ಅವಳು ಆಸ್ಪತ್ರೆಯ ನರ್ಸು. ಬೀದಿಯಲ್ಲಿ ಅವಳ ಸೂಜಿ ಕಾಣದ ತೋಳಿಲ್ಲ, ಹಾಗಾಗಿ ಮಕ್ಕಳಿಟ್ಟ ಹೆಸರು ಚುಚ್ಚಮ್ಮ. ದೊಡ್ಡವರೂ ಹಾಗೇ ಕರೆಯುತ್ತಿದ್ದರು, ಅವಳೂ ಅದಕ್ಕೇ ಓಗೊಡುತ್ತಿದ್ದಳು. ಕೆಟ್ಟ ನೀರು ಕುಡಿದು ಹೊಟ್ಟೆ ಹಿಡಿದುಕೊಂಡು ಬರುವ ಅದೇ ಮಕ್ಕಳಿಗೆ ಅದೇ ಔಷಧಿ ಕೊಟ್ಟು ಕೊಟ್ಟು ಸಾಕಾಗಿ ಕೆಲಸ ಬಿಟ್ಟು ಚುನಾವಣೆಗೆ ನಿಂತಿದ್ದಳು. ಅವಳು ಹೇಳಿಕೊಂಡು ತಿರುಗುತ್ತಿದ್ದದ್ದು ಇಷ್ಟೇ: "ನಾನು ಯಾರಿಗೂ ಏನೂ ಕೊಡಲ್ಲ. ಒಂದು ಸಂಜೆ ಕೂತು ನನ್ನ ಮಾತು ಕೇಳಿ. ಆಮೇಲೆ ನೀವು ಬೈದರೆ ನಾನು ಕೂತು ಕೇಳ್ತೀನಿ."

"ಅಕ್ಕಾ, ಒಂದು ಸಂಜೆಗೆ ಕುರ್ಚಿ ಬೇಕಿತ್ತು."

"ಎಲ್ಲಾ ಬುಕ್ ಆಗಿದೆ ತಾಯಿ. ಧಣಿಗಳದ್ದೇನೋ ದೊಡ್ಡ ಸಭೆಯಂತೆ."

ಚುಚ್ಚಮ್ಮ ಒಳಗೆ ಇಣುಕಿ ನೋಡಿದಳು. ತೊಳೆದ ಕುರ್ಚಿಗಳು ಮಾಡಿನವರೆಗೂ ಹೊಳೆಯುತ್ತ ನಿಂತಿದ್ದವು. ಅವಳ ತುಟಿಯಲ್ಲಿ ಒಂದು ಸೋತ ನಗು ಬಂತು.

"ಮೈದಾನವೂ ಬುಕ್ ಆಗಿದೆ ಅಕ್ಕಾ, ಅಲ್ಲಿ ಹಸು ಮಲಗಿದೆ. ಸಭಾಂಗಣ ಬುಕ್ ಆಗಿದೆ, ಅದಕ್ಕೆ ಬೀಗ ಬಿದ್ದಿದೆ. ಮೈಕ್‌ಸೆಟ್ಟಿನವನೂ ಬುಕ್ ಆಗಿದ್ದಾನೆ, ಮನೇಲಿ ಹೆಂಡತಿ ಹತ್ರ ಬೈಸ್ಕೊಂಡು ಕೂತಿದ್ದಾನೆ. ಇನ್ನೂ ಗೊತ್ತಾಗಲಿಲ್ವಾ ನಿಮಗೆ? ಸಭೆ ಇಲ್ಲ. ಇವು ಬೇಕಾಗಿರೋದು ಕೂರೋಕಲ್ಲ, ಯಾರೂ ಕೂರದೇ ಇರೋಕೆ."

ಇಷ್ಟು ವರ್ಷ ಕೂರಲು ಕುರ್ಚಿ ಕೊಟ್ಟ ಅಕ್ಕನಿಗೆ, ಅವನ್ನು ಖಾಲಿ ಇಡುವುದಕ್ಕೂ ಯಾರಾದರೂ ದುಡ್ಡು ಕೊಡುತ್ತಾರೆಂದು ಕನಸಿನಲ್ಲೂ ಹೊಳೆದಿರಲಿಲ್ಲ. ಅವಳು ಮೈದುನನ ಮುಖ ನೋಡಿದಳು.

"ನನ್ನ ಯಾಕೆ ನೋಡ್ತೀಯಾ ಅತ್ತಿಗೆ? ಮುಂಗಡ ತಗೊಂಡಾಯ್ತು, ತಗಡು ಹೊದಿಸಿದ್ದಾಯ್ತು. ಈಗ ತಗಡು ಸುತ್ತಿ ವಾಪಸ್ ಕೊಡೋಣ ಅಂತೀಯಾ?"

ಅಕ್ಕ ತಲೆ ತಗ್ಗಿಸಿದಳು. "ಆಗಲ್ಲ ತಾಯಿ. ಮಾತು ಕೊಟ್ಟುಬಿಟ್ಟಿದ್ದೀನಿ. ಇವತ್ತು ಅವರಿಗೆ ತಪ್ಪಿದರೆ ನಾಳೆ ಇನ್ನೊಬ್ಬರು ನನ್ನ ಮಾತು ಯಾಕೆ ನಂಬಬೇಕು?"

ಚುಚ್ಚಮ್ಮ ಬೇಸರಪಟ್ಟುಕೊಳ್ಳಲಿಲ್ಲ. "ಸರಿ, ನಿಂತೇ ಮಾತಾಡ್ತೀನಿ" ಎಂದು ಹೋದಳು.

ನಿಂತಳು ಕೂಡ. ಮರುದಿನ ಸಂಜೆ ಬೀದಿಯ ತಿರುವಿನಲ್ಲಿ, ಇಸ್ತ್ರಿ ಅಂಗಡಿಯ ಮುಂದೆ. ಅಕ್ಕ ಗೋಡೌನಿನ ಬಾಗಿಲಿನಿಂದ ನೋಡಿದಳು. ನಿಂತು ಕೇಳುವವರ ಒಂದು ಕಾಲು ಯಾವಾಗಲೂ ಮನೆಯ ಕಡೆಗೇ ಇರುತ್ತದೆ. ಮಂಡಿನೋವಿನ ಮುದುಕರು ಮೊದಲು ಹೊರಟರು. ತುಂಬು ಬಸುರಿಯೊಬ್ಬಳು ಕಟ್ಟೆ ಹುಡುಕಿ ಸಿಗದೆ ಹೋದಳು. ಧಣಿಯ ಕಡೆಯವರು ಬೈಕಿನಲ್ಲಿ ಬಂದು, ಏನೂ ಹೇಳದೆ, ಯಾರ್‍ಯಾರು ನಿಂತಿದ್ದಾರೆಂದು ನೋಡಿ ಹೋದರು. ಉಳಿದವರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೊನೆಗೆ ಚುಚ್ಚಮ್ಮನ ಮುಂದೆ ಇದ್ದದ್ದು ಇಸ್ತ್ರಿಯವನು, ಅವನ ಕೆಂಡದ ಪೆಟ್ಟಿಗೆ.

ಆ ರಾತ್ರಿ ಅಕ್ಕ ಲೆಕ್ಕ ಹಾಕಿದಳು. ಮಾತು ಉಳಿಸಿಕೊಂಡರೆ ಬೀದಿಯವರು ಒಬ್ಬನ ಮಾತನ್ನೇ ಕೇಳಿ ಓಟು ಹಾಕಬೇಕು. ಬೀದಿಗೆ ಇನ್ನೊಂದು ಮಾತು ಕೇಳಿಸಬೇಕೆಂದರೆ ತನ್ನ ಮಾತು ಮುರಿಯಬೇಕು. ಎತ್ತ ತಿರುಗಿದರೂ ಗೋಡೆ.

ಮಾರನೆಯ ಮಧ್ಯಾಹ್ನ ಚಾಪೆಯ ಮೇಲೆ ಒರಗಿದವಳಿಗೆ ಕಣ್ಣು ಹತ್ತಿತು. ಕನಸಿನಲ್ಲಿ ಅಂಚು ಕಾಣದ ಬಯಲು. ಬಯಲ ತುಂಬ ಅವಳ ಕುರ್ಚಿಗಳು, ಒಂದರಲ್ಲೂ ಜನ ಇಲ್ಲ. ಗಾಳಿ ಬಂದು ಒಂದರಲ್ಲಿ ಕೂತು ಎದ್ದು ಇನ್ನೊಂದಕ್ಕೆ ಹೋಗುತ್ತಿತ್ತು. ದೂರದಲ್ಲಿ ಬಿಳಿ ಅಂಗಿಯೊಂದು, ಒಳಗೆ ಮನುಷ್ಯನೇ ಇಲ್ಲದೆ, ಕೈ ಎತ್ತಿ ಎತ್ತಿ ಭಾಷಣ ಮಾಡುತ್ತಿತ್ತು. ಕುರ್ಚಿಗಳಿಗೆ ಹೊರಗೆ ಹೋಗಬೇಕೆಂಬ ಆಸೆ, ಆದರೆ ಕಾಲು ಕೀಳಲು ಬರುತ್ತಿಲ್ಲ, ಬೇರು ಬಿಟ್ಟಿವೆ. ಆಗ ಬಯಲಿನ ಆಚೆಯಿಂದ ಜನ ನಡೆದು ಬರತೊಡಗಿದರು. ಮುದುಕರು, ಬಸುರಿ, ಇಸ್ತ್ರಿಯವನು, ಅವರ ಹಿಂದೆ ಮಾತು ಕಮ್ಮಿಯ ಅವಳ ಗಂಡ. ಅವನು ಒಂದು ಕಬ್ಬಿಣದ ಕುರ್ಚಿಯನ್ನು ಟಕ್ಕೆಂದು ಬಿಡಿಸಿ ಕೂತು, "ಇವು ಎಲ್ಲಿಗೂ ಬರಲ್ಲ ಕಣೇ, ಅದಕ್ಕೇ ನಾವೇ ಬಂದ್ವಿ" ಎಂದ. ಬದುಕಿದ್ದಾಗ ಅವನು ಅಷ್ಟುದ್ದ ಮಾತಾಡಿದ್ದೇ ಇಲ್ಲ.

ಅಕ್ಕ ಎದ್ದು ಕೂತಳು. ಮುಖಕ್ಕೆ ನೀರು ಹಾಕಿಕೊಂಡು ನೆಟ್ಟಗೆ ಚುಚ್ಚಮ್ಮನ ಮನೆಗೆ ಹೋದಳು.

"ನನ್ನ ಕುರ್ಚಿ ನಿಮ್ಮ ಸಭೆಗೆ ಬರಲ್ಲ ತಾಯಿ. ನಿಮ್ಮ ಸಭೇನ ನನ್ನ ಕುರ್ಚಿ ಹತ್ರ ಕರ್ಕೊಂಡು ಬನ್ನಿ. ಬಾಗಿಲು ದಾಟಿ ಒಂದೂ ಹೊರಗೆ ಹೋಗಬಾರದು ಅಂತ ಮಾತು. ಜನ ಒಳಗೆ ಬರಬಾರದು ಅಂತ ಯಾರಿಗೂ ಯಾವ ಮಾತೂ ಕೊಟ್ಟಿಲ್ಲ ನಾನು."

ಮೈದುನ ಕೇಳಿ ತಲೆ ಮೇಲೆ ಕೈ ಹೊತ್ತ. "ಧಣಿ ನಮ್ಮನ್ನ ಹಿಂಡಿ ಟ್ಯಾಂಕರಿಗೆ ತುಂಬ್ತಾನೆ ಅತ್ತಿಗೆ!"

"ತುಂಬಲಿ. ಆಗಲಾದರೂ ಈ ಬೀದಿಗೆ ಸರಿಯಾಗಿ ನೀರು ಬಂದೀತು. ಪೊರಕೆ ತಗೋ."

ಆ ಭಾನುವಾರ ಬಿಸಿಲು ಇಳಿಯುವ ಹೊತ್ತಿಗೆ ಗೋಡೌನಿನ ಎರಡೂ ಕದ ತೆರೆದಿದ್ದವು. ಮೊದಲು ಬಂದವರು ಬಾಗಿಲಲ್ಲೇ ತಡವರಿಸಿದರು. ಒಳಗೆ ಸಾಲುಸಾಲು ಕುರ್ಚಿ ಬಿಡಿಸಿದ್ದ ನೋಟವೇ ಅವರನ್ನು ಕೈಹಿಡಿದು ಕೂರಿಸಿತು. ಬಾಡಿಗೆ ಕೊಟ್ಟು ಕರೆತಂದವರಲ್ಲ, ಬಿಟ್ಟಿ ಊಟಕ್ಕೆ ಬಂದವರಲ್ಲ, ತಮ್ಮ ಪಾಡಿಗೆ ತಾವು ಬಂದವರು. ಇಳಿಬಿಸಿಲು ಬಾಗಿಲಿನಿಂದ ಒಳಗೆ ಹರಿದು ಎಲ್ಲರ ಪಾದದ ಮೇಲೆ ನಿಂತಿತ್ತು. ಮೈಕಿರಲಿಲ್ಲ. ಹೊಸ ತಗಡು ಚುಚ್ಚಮ್ಮನ ಮೆಲುದನಿಯನ್ನು ಎತ್ತಿಕೊಂಡು ಹಿಂದಿನ ಸಾಲಿಗೂ ತಂದುಕೊಡುತ್ತಿತ್ತು. ಅವಳೂ ಕೂತೇ ಮಾತಾಡಿದಳು. ಕೊಳಾಯಿಗೆಂದು ಪುರಸಭೆಯಲ್ಲಿ ಎತ್ತಿಟ್ಟ ಹಣ ಹೇಗೆ ಪ್ರತಿ ಸಲವೂ ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹಾಕಿ ಎಂದು ಯಾರು ಹೇಳುತ್ತಾರೆ, ಅದರಿಂದ ಯಾರ ಟ್ಯಾಂಕರು ಓಡುತ್ತದೆ, ಎಲ್ಲವನ್ನೂ ಜ್ವರ ಬಂದ ಮಗುವಿನ ತಾಯಿಗೆ ಹೇಳುವಂತೆ ಬಿಡಿಸಿ ಹೇಳಿದಳು.

ಅಷ್ಟರಲ್ಲಿ ಬಾಗಿಲ ಬೆಳಕಿಗೆ ಅಡ್ಡವಾಗಿ ಒಂದು ನೆರಳು ಬಿತ್ತು. ಧಣಿ.

"ಏನಮ್ಮಾ ಇದು? ಯಾರ ಕುರ್ಚಿ ಇವು?"

ಅಕ್ಕ ಎದ್ದು ನಿಂತು ಕೈಮುಗಿದಳು. "ನಿಮ್ಮವೇ ಧಣಿ. ಒಂದೂ ಬಾಗಿಲು ದಾಟಿಲ್ಲ. ಬೇಕಾದರೆ ನೋಡ್ಕೊಳ್ಳಿ."

"ನಾನು ಬುಕ್ ಮಾಡಿದ್ದು ಇವರೆಲ್ಲಾ ಕೂರೋಕಲ್ಲ!"

"ಮತ್ತೆ ಯಾರು ಕೂರೋಕೆ ಧಣಿ?"

ಅವಳು ಕೇಳಿದ್ದು ಕುಹಕದಿಂದಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಇಡೀ ಗೋಡೌನು ತಿರುಗಿ ಉತ್ತರಕ್ಕೆ ಕಾಯಿತು. ಯಾರೂ ಕೂರಬಾರದೆಂದೇ ದುಡ್ಡು ಕೊಟ್ಟೆ ಎಂದು ಅಷ್ಟು ಜನ ಕೂತಿರುವಲ್ಲಿ ಧಣಿಯಾದರೂ ಹೇಗೆ ಹೇಳಿಯಾನು?

"ಕೂತ್ಕೊಳ್ಳಿ ಯಜಮಾನ್ರೇ, ನಿಮ್ಮ ಕುರ್ಚಿ ತಾನೇ" ಎಂದು ಮಂಡಿನೋವಿನ ಅಜ್ಜಿಯೊಬ್ಬಳು ಪಕ್ಕದ ಕುರ್ಚಿ ತಟ್ಟಿದಳು. ಬೇರೆ ದಾರಿ ಕಾಣದೆ ಧಣಿ ಕೂತ. ಅವನ ಪಾಲಿಗೆ ಬಂದದ್ದು ಹೊಲಿಗೆ ಹಾಕಿದ ಕುರ್ಚಿ.

ಆಗ ಇಸ್ತ್ರಿಯವನು ಎದ್ದ. ಒಳ್ಳೆಯ ಮನುಷ್ಯ, ಮಾತಿಗೆ ಮುಂಚೆ ಬೆವರುವವನು. "ಅಕ್ಕಾ, ಒಂದು ವಿಷಯ. ನಾನು ಕವರ್ ತಗೊಂಡಿದ್ದೀನಿ."

"ಯಾರು ತಗೊಂಡಿಲ್ಲ, ಕೂತ್ಕೋ!" ಎಂದು ಯಾರೋ ಹಿಂದಿನಿಂದ ಕೂಗಿದರು. ನಗು ಎದ್ದಿತು.

"ತಮಾಷೆ ಅಲ್ಲ. ಚುಚ್ಚಮ್ಮ ಹೇಳಿದ್ದು ನಿಜ ಅಂತ ನನಗೂ ಗೊತ್ತು. ಆದ್ರೆ ಮುಂಗಡ ತಗೊಂಡ ಮೇಲೆ ಕುರ್ಚಿ ದುಡ್ಡು ಕೊಟ್ಟೋರದು ಅಂತ ನೀನೇ ಹೇಳ್ತೀಯ. ಹಂಗಾದ್ರೆ ನನ್ನ ಓಟು ಈಗ ನಂದಾ, ಅವರದ್ದಾ? ಅದೊಂದು ಹೇಳಿಬಿಡು."

ನಗು ನಿಂತಿತು. ಅಲ್ಲಿದ್ದ ಮುಕ್ಕಾಲು ಪಾಲು ಜನರಿಗೂ ಕೇಳಬೇಕಿದ್ದದ್ದು ಅದೇ. ದುಡ್ಡಿನ ಆಸೆಗಿಂತ ಹೆಚ್ಚಾಗಿ, ಈಸಿಕೊಂಡ ಮೇಲೆ ತಪ್ಪಬಾರದೆಂಬ ನಿಯತ್ತೇ ಅವರನ್ನು ಕಟ್ಟಿಹಾಕಿತ್ತು. ಧಣಿ ಗೆಲ್ಲುತ್ತಿದ್ದದ್ದೂ ಆ ನಿಯತ್ತಿನಿಂದಲೇ.

ಅಕ್ಕ ಯೋಚಿಸಿದಳು. ಅವಳಿಗೆ ಗೊತ್ತಿದ್ದದ್ದು ಕುರ್ಚಿಯ ಲೋಕ ಒಂದೇ.

"ನಾನು ಬೋರ್ಡ್ ಹಾಕಿದ್ದೀನಿ, ಕುರ್ಚಿ ಬಾಡಿಗೆಗಿದೆ ಅಂತ. ನಿನ್ನ ಓಟು ಬಾಡಿಗೆಗಿದೆ ಅಂತ ನೀನು ಬೋರ್ಡ್ ಹಾಕಿದ್ಯಾ?"

"ಎಲ್ಲಾದ್ರೂ ಉಂಟಾ? ಅವರೇ ಬಾಗಿಲಿಗೆ ಬಂದು ತುರುಕಿ ಹೋದ್ರು."

"ಹಾಗಾದ್ರೆ ಅದು ಮುಂಗಡ ಅಲ್ಲ. ಯಾರೋ ದಾರೀಲಿ ಬೀಳಿಸ್ಕೊಂಡು ಹೋದದ್ದು. ಕಳ್ಕೊಂಡೋರು ಯಾರು ಅಂತ ಕೇಳಿ ಕೊಟ್ಟುಬಿಡು."

ಇಸ್ತ್ರಿಯವನು ಜೇಬಿನಿಂದ ಕವರು ತೆಗೆದ. ಅದಕ್ಕೂ ಇಸ್ತ್ರಿ ಹಾಕಿ ಇಟ್ಟುಕೊಂಡಿದ್ದನೋ ಏನೋ, ಒಂದು ಸುಕ್ಕಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಧಣಿಯ ಮುಂದೆ ಚಾಚಿದ. "ನಿಮ್ಮದಾ ಯಜಮಾನ್ರೇ?"

ಹೌದೆಂದರೆ ಇಷ್ಟು ಜನರ ಮುಂದೆ ಓಟು ಕೊಂಡದ್ದನ್ನು ಒಪ್ಪಿಕೊಂಡಂತೆ. ಧಣಿ ಸಿಡುಕಿದ. "ನಂದ್ಯಾಕಾಗುತ್ತೆ? ನಾನು ಯಾರಿಗೂ ಏನೂ ಕೊಟ್ಟಿಲ್ಲಪ್ಪ!"

"ಇವರದ್ದಲ್ವಂತೆ!" ಇಸ್ತ್ರಿಯವನ ಮುಖ ಬೆಳಗಿತು. "ಕೊಟ್ಟೇ ಇಲ್ವಂತೆ. ಅಂದ್ಮೇಲೆ ಋಣಾನೂ ಇಲ್ಲ."

ಸಾಲಿನಿಂದ ಸಾಲಿಗೆ ಏನೋ ಸಡಿಲವಾಗುತ್ತ ಹೋಯಿತು. ಭುಜ ಇಳಿದವು, ಬೆನ್ನು ಕುರ್ಚಿಗೆ ಒರಗಿದವು. ಯಾರೋ ಉಸ್ಸೆಂದರು. ಅಜ್ಜಿ ಪಕ್ಕಕ್ಕೆ ತಿರುಗಿ, ಮನೆಯ ನೆಂಟನನ್ನು ಕೇಳುವ ಹಾಗೆ, "ಅದಿರಲಿ ಮಗಾ, ನಿನ್ನ ಟ್ಯಾಂಕರ್ ಹತ್ತೋ ದಿಣ್ಣೇನ ಕೊಳಾಯಿ ಪೈಪು ಯಾಕೆ ಹತ್ತಲ್ಲ?" ಎಂದಳು. ಧಣಿ ಎದ್ದು ಹೋಗಬಹುದಿತ್ತು. ಆದರೆ ಹೋದರೆ ಏನಂದುಕೊಂಡಾರು ಎಂಬ ಅಂಜಿಕೆ ಅವನನ್ನು ಆ ಹೊಲಿಗೆ ಕುರ್ಚಿಯಲ್ಲಿ ಕತ್ತಲಾಗುವ ತನಕ ಕೂರಿಸಿತು.

ಚುಚ್ಚಮ್ಮ ಗೆದ್ದಳೇ ಎಂದರೆ, ಇಲ್ಲ. ಆ ಬೀದಿಯ ಓಟು ಅವಳಿಗೇ ಬಿತ್ತು. ಆದರೆ ವಾರ್ಡಿಗೆ ಬೇರೆ ಬೀದಿಗಳೂ ಇದ್ದವು. ಅಲ್ಲಿ ಕೂತು ಕೇಳುವ ಜಾಗ ಇರಲಿಲ್ಲ, ಕವರಿನ ಋಣವನ್ನು ಜನ ನಿಯತ್ತಾಗಿ ತೀರಿಸಿದರು. ಧಣಿ ಸಣ್ಣ ಅಂತರದಲ್ಲಿ ಗೆದ್ದ. ಎಷ್ಟು ಸಣ್ಣದೆಂದರೆ ಪಟಾಕಿ ಹೊಡೆಯುವ ಉತ್ಸಾಹವೂ ಅವನಿಗೆ ಉಳಿಯಲಿಲ್ಲ. ಅಕ್ಕನ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಧಣಿಯ ಕಡೆಯವರು ಪಕ್ಕದೂರಿನಿಂದ ಕುರ್ಚಿ ತರಿಸತೊಡಗಿದರು. ಮೈದುನನಿಗೆ ಗೊಣಗಲು ಹೊಸ ವಿಷಯ ಸಿಕ್ಕಿತು.

ಆದರೆ ತಿಂಗಳಿಗೊಂದು ಭಾನುವಾರ ಜನ ಗೋಡೌನಿಗೆ ಬರುವುದು ನಿಲ್ಲಲಿಲ್ಲ. ಗೆದ್ದವನನ್ನೂ ಕರೆದರು. ಮೊದಲ ಸಲ ಅವನು ಬರಲಿಲ್ಲ. ಅವನ ಹೆಸರಿನ ಕುರ್ಚಿಯನ್ನು ಮುಂದಿನ ಸಾಲಿನಲ್ಲಿ ಖಾಲಿ ಇಟ್ಟು ಅದನ್ನೇ ಪ್ರಶ್ನೆ ಕೇಳಿದರು. ಆ ಸುದ್ದಿ ಊರೆಲ್ಲ ನಗುತ್ತ ತಿರುಗಿತು. ಎರಡನೆಯ ಸಲ ಬಂದ. ಬೇರೆ ಬೀದಿಯವರು ನೋಡಲು ಬಂದು, ತಮ್ಮಲ್ಲೂ ಒಂದು ಶೆಡ್ಡು, ಒಂದು ಜಗಲಿ ಹುಡುಕಿಕೊಂಡರು. ಚುಚ್ಚಮ್ಮ ಬೀದಿಯಿಂದ ಬೀದಿಗೆ ನಡೆದಳು. ಕೊಳಾಯಿ ಅರ್ಧ ದಿಣ್ಣೆಯವರೆಗೆ ಬಂದಿದೆ. ಉಳಿದರ್ಧಕ್ಕೆ ಕೇಳುವ ಕೆಲಸ ನಡೆದಿದೆ.

ಮೊನ್ನೆ ದೊಡ್ಡ ಮನೆಯ ಮದುವೆಯವರು ಬಂದು, "ಇರೋದೆಲ್ಲಾ ಕೊಟ್ಟುಬಿಡಿ ಅಕ್ಕಾ, ದುಡ್ಡಿನ ಯೋಚನೆ ಬೇಡ" ಎಂದರು. ಅಕ್ಕ ಗೋಡೆಯ ಪಕ್ಕದಲ್ಲಿ, ಯಾರು ಬಂದರೂ ಕೂತು ಕೇಳಲೆಂದು ಬೇರೆಯಾಗಿ ಪೇರಿಸಿಟ್ಟ ಒಂದಿಷ್ಟು ಕುರ್ಚಿಗಳ ಕಡೆ ನೋಡಿದಳು.

"ಅಷ್ಟು ಬಿಟ್ಟು ಬೇಕಾದಷ್ಟು ತಗೊಂಡು ಹೋಗಿ."

"ಅವು ಯಾರಿಗೆ ಬುಕ್ ಆಗಿವೆ?"

"ಯಾರಿಗೂ ಇಲ್ಲ" ಎಂದು ಮೈದುನ ಕುರ್ಚಿ ಹೊರುತ್ತಲೇ ಉತ್ತರ ಕೊಟ್ಟ. "ಅದಕ್ಕೇ ಕೊಡಲ್ಲ."